ಅಲಸೂರಿನ ಆರು ಇಂಗ್ಲಿಷ್ ಅಕ್ಷರ

ಇಂದಿರಾನಗರ ಎಂಬ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಲು 11 ಅಕ್ಷರ ಬೇಕು. ಎ ಮೂರು ಸಲ, ಐ, ಎನ್ ಮತ್ತು ಆರ್ ಎರಡೆರಡು ಸಲ, ಡಿ ಮತ್ತು ಜಿ ಒಂದೊಂದು ಸಲ. ಮರುಕಳಿಸಿದ್ದನ್ನು ಬಿಟ್ಟು ಬೇರೆ ಬೇರೆ ಅಕ್ಷರಗಳನ್ನಷ್ಟೇ ಎಣಿಸಿದರೆ ಉಳಿಯುವುದು ಆರೇ: ಎ, ಡಿ, ಜಿ, ಐ, ಎನ್, ಆರ್. ಈ ಆರೂ ಇರಬೇಕು, ಇವುಗಳ ಹೊರತು ಇನ್ನೊಂದು ಬರಕೂಡದು ಎಂಬ ಕಟ್ಟಳೆಗೆ ಒಗ್ಗುವ ಇಂಗ್ಲಿಷ್ ಪದಗಳು ಎಷ್ಟಿರಬಹುದು? ಎದೆಗಾರಿಕೆಗೆ ಹೇಳುವ ಡೇರಿಂಗ್ ಇದೆ, ಅದರಲ್ಲಿ ಆರೂ ಒಂದೊಂದೇ ಸಲ ಬರುತ್ತವೆ. ನೀರು ಬಸಿಯುವ ಡ್ರೇನಿಂಗ್, ದಾಳಿ ಇಡುವ ರೇಡಿಂಗ್, ದರ್ಜೆ ಕೊಡುವ ಗ್ರೇಡಿಂಗ್, ಹರಿದ ಬಟ್ಟೆಗೆ ನೂಲು ಹೆಣೆಯುವ ಡಾರ್ನಿಂಗ್, ಎಳೆದುಕೊಂಡು ಹೋಗುವ ಡ್ರ್ಯಾಗಿಂಗ್, ಇವೂ ಇವೆ. ಈ ಒಂದೊಂದು ಪದವೂ ಇಂಗ್ಲಿಷ್ ಓದಿದವರಿಗೆಲ್ಲ ಗೊತ್ತು. ಆದರೂ ಆರು ಅಕ್ಷರ ಕೊಟ್ಟು ಪದ ಹೇಳಿ ಎಂದರೆ ಬಾಯಿಗೆ ಬರುವುದಿಲ್ಲ. ಪದ ಗೊತ್ತಿಲ್ಲದ್ದು ಅದಕ್ಕೆ ಕಾರಣವಲ್ಲ. ನಮ್ಮ ನೆನಪು ಪದಗಳನ್ನು ಅರ್ಥದಿಂದ, ಸದ್ದಿನಿಂದ, ಮೊದಲ ಅಕ್ಷರದಿಂದ ಹಿಡಿದು ತರುತ್ತದೆ. ಪದದ ಹೊಟ್ಟೆಯೊಳಗೆ ಯಾವ ಯಾವ ಅಕ್ಷರ ಕಲೆತಿವೆ ಎಂಬ ಲೆಕ್ಕದಲ್ಲಿ ಅದು ಯಾವುದನ್ನೂ ಜೋಡಿಸಿಟ್ಟುಕೊಂಡಿರುವುದಿಲ್ಲ. ಅಚ್ಚಾದ ನಿಘಂಟೂ ಹಾಗೇ. ಅದು ಮೊದಲ ಅಕ್ಷರ ಬಲ್ಲವನಿಗೆ ಬಾಗಿಲು ತೆರೆಯುತ್ತದೆ, ಒಳಗಿನ ಅಕ್ಷರಗಳನ್ನಷ್ಟೇ ಬಲ್ಲವನಿಗೆ ತೆರೆಯುವುದಿಲ್ಲ.

ಹಾಗಾದರೆ ಯಂತ್ರ ಏನು ಮಾಡಬೇಕು? ಮೊದಲು ಹೊಳೆಯುವ ಉಪಾಯವೆಂದರೆ ಅಕ್ಷರಗಳನ್ನು ಎಲ್ಲ ಬಗೆಯಲ್ಲೂ ಹಿಂದೆಮುಂದೆ ಮಾಡಿ, ಒಂದೊಂದು ಜೋಡಣೆಯೂ ನಿಘಂಟಿನಲ್ಲಿದೆಯೇ ಎಂದು ನೋಡುವುದು. ಇಂದಿರಾನಗರದ 11 ಅಕ್ಷರಗಳನ್ನು ಹೀಗೆ 8,31,600 ಬಗೆಯಲ್ಲಿ ಜೋಡಿಸಬಹುದು. ಅಷ್ಟರಲ್ಲಿ ಬಹುಪಾಲು ಬಾಯಲ್ಲಿ ಹೊರಳಿಸಲೂ ಆಗದ ಕಲಸುಮೇಲೋಗರ. ಬೇರೆ ಅಕ್ಷರಗಳೂ ಬೆರೆಯಬಹುದು ಎಂದುಬಿಟ್ಟರೆ ಜೋಡಣೆಗಳಿಗೆ ಕೊನೆಯೇ ಇಲ್ಲ. ದಾರಿ ತಿರುಗಿಸಿಕೊಳ್ಳುವುದು ಜಾಣತನ: ಅಕ್ಷರಗಳಿಂದ ಪದ ಕಟ್ಟಲು ಹೊರಡುವ ಬದಲು, ಇರುವ ಪದಗಳನ್ನು ಒಂದೊಂದಾಗಿ ಅಕ್ಷರಗಳ ಮುಂದೆ ನಿಲ್ಲಿಸುವುದು. ಪದಗಳಿಗೆ ಮಿತಿಯುಂಟು. ಯೂನಿಕ್ಸ್ ಬಳಗದ ಕೆಲವು ಗಣಕಗಳಲ್ಲಿ ಹಿಂದಿನಿಂದಲೂ ಬಂದಿರುವ ಒಂದು ಪದಪಟ್ಟಿ 1934ರ ವೆಬ್‌ಸ್ಟರ್ ನಿಘಂಟಿನ ಎರಡನೆಯ ಆವೃತ್ತಿಯಿಂದ ತೆಗೆದದ್ದು, ಅದರಲ್ಲಿ ಸುಮಾರು 2 ಲಕ್ಷ 35 ಸಾವಿರ ಪದಗಳಿವೆ. ಯಂತ್ರಕ್ಕೆ ಅದು ದೊಡ್ಡ ಸಂಖ್ಯೆಯೇ ಅಲ್ಲ.

ಆದರೆ ಪದವನ್ನು ಅಕ್ಷರಗಳ ಮುಂದೆ ನಿಲ್ಲಿಸುವುದು ಎಂದರೇನು? ಇಲ್ಲಿಂದಲೇ ವಿಷಯದ ನಿಜವಾದ ಸ್ವಾರಸ್ಯ ಶುರು. 1986ರಲ್ಲಿ ಬಂದ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ ಜಾನ್ ಬೆಂಟ್ಲಿ ಈ ಬಗೆಯ ಒಂದು ಸಮಸ್ಯೆಯನ್ನು ಬಿಡಿಸಿ ತೋರಿಸಿದ್ದಾರೆ. ನಿಘಂಟಿನಲ್ಲಿ ಒಂದರ ಅಕ್ಷರಗಳನ್ನೇ ಹಿಂದುಮುಂದು ಮಾಡಿದರೆ ಇನ್ನೊಂದಾಗುವ ಪದಗಳನ್ನೆಲ್ಲ ಗುಂಪು ಮಾಡಬೇಕು. ಉಪಾಯ ಇಷ್ಟೇ: ಪ್ರತಿ ಪದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮಕ್ಕೆ ತಂದು ಬರೆಯಿರಿ, ಅದನ್ನು ಆ ಪದದ ಗುರುತು ಎಂದು ಕರೆಯಿರಿ. ಡೇರಿಂಗ್‌ನ ಗುರುತು ಎ-ಡಿ-ಜಿ-ಐ-ಎನ್-ಆರ್. ಒಂದೇ ಅಕ್ಷರಗಳಿಂದ ಆದ ಪದಗಳಿಗೆಲ್ಲ ಒಂದೇ ಗುರುತು ಬರುತ್ತದೆ. ಗುರುತುಗಳನ್ನು ಕ್ರಮವಾಗಿ ಜೋಡಿಸಿದರೆ ಬಂಧುಗಳು ಅಕ್ಕಪಕ್ಕಕ್ಕೆ ಬಂದು ಕೂರುತ್ತಾರೆ, ಹುಡುಕುವ ಕೆಲಸವೇ ಉಳಿಯುವುದಿಲ್ಲ. ಯಾವ ಪದವನ್ನೂ ಯಾವ ಪದದೊಡನೆಯೂ ಹೋಲಿಸಲಿಲ್ಲ ಎಂಬುದನ್ನು ಗಮನಿಸಬೇಕು. ಪದದ ಬಗ್ಗೆ ಒಂದು ಸಂಗತಿಯನ್ನು, ಅಂದರೆ ಅಕ್ಷರಗಳು ಯಾವ ಅನುಕ್ರಮದಲ್ಲಿದ್ದವು ಎಂಬುದನ್ನು, ಬೇಕೆಂದೇ ಮರೆತೆವು. ಉತ್ತರ ಸಿಕ್ಕಿದ್ದು ಆ ಮರೆವಿನಿಂದ. ಈ ಬರಹದ ವಾದವೂ ಅದೇ: ಯಾವುದೇ ಹುಡುಕಾಟದ ಹಣೆಬರಹ ನಿಂತಿರುವುದು ಯಂತ್ರದ ವೇಗದ ಮೇಲಲ್ಲ, ಯಾವ ಭೇದವನ್ನು ಮರೆಯಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಮೊದಲೇ ಮಾಡಿಕೊಂಡ ತೀರ್ಮಾನದ ಮೇಲೆ. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳ ಹೆಸರುಗಳು ಇದಕ್ಕೆ ಒಳ್ಳೆಯ ಒರೆಗಲ್ಲು. ಇಲ್ಲಿ ಒಂದೇ ಜಾಗಕ್ಕೆ ಎರಡು ಮೂರು ಇಂಗ್ಲಿಷ್ ಕಾಗುಣಿತ ಜೊತೆಜೊತೆಗೇ ಓಡಾಡುತ್ತಿವೆ.

ಅಲಸೂರನ್ನೇ ತೆಗೆದುಕೊಳ್ಳೋಣ. ಬ್ರಿಟಿಷರ ಕಾಲದ ಕಾಗುಣಿತದಲ್ಲಿ ಅದು ಯು, ಎಲ್, ಎಸ್, ಓ, ಓ, ಆರ್ ಎಂಬ ಆರು ಅಕ್ಷರ. ಈ ಅಕ್ಷರಗಳನ್ನು ಒಳಗೊಂಡ ಪದಗಳು ಬೇಕು ಎಂದಾಗ ಕೇಳಿದವರ ಮನಸ್ಸಿನಲ್ಲಿ ಏನಿದೆ? ಓ ಎರಡು ಸಲ ಬರಲೇಬೇಕೇ, ಒಮ್ಮೆ ಬಂದರೆ ಸಾಕೇ? ಒಮ್ಮೆ ಸಾಕು ಎಂದರೆ ಹಿಟ್ಟುಗಳ ಬಹುವಚನವಾದ ಫ್ಲೋರ್ಸ್ ಸಿಗುತ್ತದೆ, ಮುಖ ಹುಳಿ ಮಾಡಿಕೊಂಡು ಎಂಬರ್ಥದ ಸೋರ್ಲಿ ಸಿಗುತ್ತದೆ. ಎರಡು ಬೇಕೇ ಬೇಕು ಎಂದರೆ ಇವೆರಡೂ ಹೊರಬಿದ್ದು, ವಿನೋದವಾಗಿ ಎಂಬರ್ಥದ ಹ್ಯೂಮರಸ್ಲಿಯಂಥ ಪದಗಳು ಒಳಗೆ ಉಳಿಯುತ್ತವೆ. ಗಣಿತದ ಭಾಷೆಯಲ್ಲಿ ಮೊದಲನೆಯದು ಗಣ, ಅಂದರೆ ಇದೆಯೋ ಇಲ್ಲವೋ ಎಂಬ ಲೆಕ್ಕ. ಎರಡನೆಯದರಲ್ಲಿ ಎಷ್ಟು ಸಲ ಇದೆ ಎಂಬುದೂ ಸೇರುತ್ತದೆ. ಒಂದರಲ್ಲಿ ಅನುಕ್ರಮವನ್ನೂ ಎಣಿಕೆಯನ್ನೂ ಮರೆತಿದ್ದೇವೆ, ಇನ್ನೊಂದರಲ್ಲಿ ಅನುಕ್ರಮವನ್ನು ಮಾತ್ರ. ಎರಡೂ ಕಟ್ಟಳೆಗೆ ಒಪ್ಪುವ ಒಂದು ಪದ ಮಾತ್ರ ವಿಶೇಷವಾಗಿ ಕಣ್ಣಿಗೆ ಬೀಳುತ್ತದೆ. ಅಲಸೂರಿನ ಆರು ಅಕ್ಷರಕ್ಕೆ ಒಂದು ಸಿ ಸೇರಿಸಿದರೆ, ಒಂದಕ್ಷರವೂ ಹೆಚ್ಚುಕಡಿಮೆಯಾಗದೆ, ಬಣ್ಣಗಳು ಎಂಬರ್ಥದ ಕಲರ್ಸ್ ಆಗುತ್ತದೆ. ಅಮೆರಿಕನ್ನರು ಆ ಪದದಿಂದ ಯು ಅಕ್ಷರವನ್ನು ತೆಗೆದು ಬರೆಯುತ್ತಾರೆ. ಹಾಗಾಗಿ ಅಮೆರಿಕದ ಕಾಗುಣಿತವಷ್ಟೇ ಇರುವ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಈ ಉತ್ತರ ಮಾಯ. ಹುಡುಕುವ ವಿಧಾನ ಎಷ್ಟೇ ಸರಿಯಿದ್ದರೂ ಪಟ್ಟಿ ಮಾಡಿದವರು ಯಾವ ದೇಶದ ರೂಢಿಯನ್ನು ಪದವೆಂದು ಒಪ್ಪಿದ್ದರು ಎಂಬುದು ಉತ್ತರದೊಳಗೆ ಬಂದು ಕೂತಿರುತ್ತದೆ.

ಯಂತ್ರದೊಳಗೆ ಈ ಲೆಕ್ಕ ನಡೆಯುವ ಬಗೆಯಲ್ಲಿ ಒಂದು ಚೆಲುವಿದೆ, ಅದನ್ನು ಹತ್ತಿರದಿಂದ ನೋಡಬೇಕು. ಇಂಗ್ಲಿಷಿನ 26 ಅಕ್ಷರಕ್ಕೂ ಒಂದೊಂದು ಅವಿಭಾಜ್ಯ ಸಂಖ್ಯೆ ಕೊಡಿ: ಎ ಅಂದರೆ 2, ಬಿ ಅಂದರೆ 3, ಸಿ ಅಂದರೆ 5, ಹೀಗೆ. ಎಲ್‌ಗೆ 37, ಓಗೆ 47, ಆರ್‌ಗೆ 61, ಎಸ್‌ಗೆ 67, ಯುಗೆ 73 ಬರುತ್ತದೆ. ಅಲಸೂರಿನ ಆರು ಅಕ್ಷರಗಳ ಸಂಖ್ಯೆಗಳನ್ನು ಗುಣಿಸಿದರೆ 2,438 ಕೋಟಿ 51 ಲಕ್ಷ 22 ಸಾವಿರದ 283. ಕಲರ್ಸ್‌ನ ಏಳು ಅಕ್ಷರಗಳನ್ನು ಗುಣಿಸಿದರೆ 12,192 ಕೋಟಿ 56 ಲಕ್ಷ 11 ಸಾವಿರದ 415. ಎರಡನೆಯದು ಮೊದಲನೆಯದರ ಸರಿಯಾಗಿ ಐದು ಪಟ್ಟು, ಮತ್ತು ಆ ಐದು ಎಂದರೆ ಸಿ. ಒಂದು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಲು ಒಂದೇ ದಾರಿ ಇರುತ್ತದೆ ಎಂಬುದು ಅಂಕಗಣಿತದ ಮೂಲ ಪ್ರಮೇಯ. ಆದ್ದರಿಂದ ಶೇಷವಿಲ್ಲದೆ ಭಾಗವಾಯಿತು ಎಂದರೆ ಅಕ್ಷರಗಳೆಲ್ಲ ಒಳಗಿವೆ, ಶೇಷ ಉಳಿಯಿತು ಎಂದರೆ ಯಾವುದೋ ಒಂದು ಇಲ್ಲ. ಪದದೊಳಗೆ ಪದವಿದೆಯೇ ಎಂಬ ಭಾಷೆಯ ಪ್ರಶ್ನೆ ಒಂದು ಭಾಗಾಕಾರವಾಗಿಬಿಟ್ಟಿತು. ಉದ್ದ ಪದಗಳಲ್ಲಿ ಗುಣಲಬ್ಧ ಬೆಳೆದು ಯಂತ್ರದ ಸಾಮಾನ್ಯ ಅಳತೆಯನ್ನು ಮೀರುತ್ತದೆ ಎಂಬ ತೊಡಕು ಇದಕ್ಕಿದೆ. ಎಣಿಕೆ ಬೇಡ, ಇದೆಯೋ ಇಲ್ಲವೋ ಸಾಕು ಎನ್ನುವವರು 26 ಸೊನ್ನೆ-ಒಂದುಗಳ ಸಾಲು ಬಳಸುತ್ತಾರೆ. ಅಕ್ಷರ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇಂಥ ಸಾಲುಗಳು ಸಾಧ್ಯವಿರುವುದು ಒಟ್ಟು 6,71,08,864. ಇಂದಿರಾನಗರ, ಡೇರಿಂಗ್, ಡ್ರ್ಯಾಗಿಂಗ್ ಮೂರಕ್ಕೂ ಸಾಲು ಒಂದೇ. ಎರಡು ಸಾಲುಗಳನ್ನು ಒಂದರ ಮೇಲೊಂದು ಇಟ್ಟು ತಾಳೆ ನೋಡುವುದು ಗಣಕಕ್ಕೆ ಗೊತ್ತಿರುವ ಅತಿ ಸರಳ ಕೆಲಸಗಳಲ್ಲೊಂದು.

ಶಿವಾಜಿನಗರ ಬೇರೆಯದೇ ಪಾಠ ಹೇಳುತ್ತದೆ. ಅದರ ಇಂಗ್ಲಿಷ್ ಕಾಗುಣಿತದಲ್ಲಿ ಜೆ ಇದೆ, ವಿ ಇದೆ. ಇಂಗ್ಲಿಷ್ ಬರವಣಿಗೆಯ ನೂರು ಅಕ್ಷರಗಳಲ್ಲಿ ಹನ್ನೆರಡರಷ್ಟು ಇ ಇರುತ್ತದೆ. ಜೆ ಸಾವಿರಕ್ಕೆ ಒಂದೆರಡು ಮಾತ್ರ. ಸ್ಕ್ರ್ಯಾಬಲ್ ಆಟವನ್ನು ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಪತ್ರಿಕೆಗಳ ಪುಟಗಳಲ್ಲಿ ಅಕ್ಷರಗಳನ್ನು ಎಣಿಸಿಯೇ ಯಾವುದಕ್ಕೆ ಎಷ್ಟು ಬಿಲ್ಲೆ, ಎಷ್ಟು ಅಂಕ ಎಂದು ಗೊತ್ತುಮಾಡಿದ್ದು. ಇಂಗ್ಲಿಷ್ ಆಟದ ನೂರು ಬಿಲ್ಲೆಗಳಲ್ಲಿ ಇ 12, ಜೆ ಒಂದೇ, ಅದಕ್ಕೆ 8 ಅಂಕ. ಹುಡುಕುವವನಿಗೆ ಈ ಬಡತನವೇ ಭಾಗ್ಯ. ಪ್ರತಿ ಅಕ್ಷರಕ್ಕೂ ಅದು ಬರುವ ಪದಗಳ ಪಟ್ಟಿಯೊಂದನ್ನು ಮೊದಲೇ ಮಾಡಿಟ್ಟುಕೊಂಡು, ಎಲ್ಲಕ್ಕಿಂತ ಗಿಡ್ಡ ಪಟ್ಟಿಯಿಂದ ಶುರು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ. ಜೆ ಮತ್ತು ವಿ ಎರಡೂ ಇರುವ ಪದಗಳೇ ವಿರಳ: ಜಾವೆಲಿನ್, ಜುವೆನೈಲ್, ಜೋವಿಯಲ್, ಅಡ್ಜೆಕ್ಟಿವ್ ಮೊದಲಾದವು. ಅವುಗಳಲ್ಲಿ ಎಚ್ ಕೂಡ ಬೇಕು ಎಂದ ಮೇಲೆ ಕೆಲವು ಅಂಕಿತನಾಮಗಳ ಹೊರತು ಕೈಗೆ ಹೆಚ್ಚೇನೂ ಹತ್ತುವುದಿಲ್ಲ. ಎ, ಐ, ಎನ್‌ಗಳ ಉದ್ದುದ್ದ ಪಟ್ಟಿಗಳನ್ನು ತೆರೆದು ನೋಡುವ ಪ್ರಸಂಗವೇ ಬರಲಿಲ್ಲ. ಅಂತರಜಾಲದ ಶೋಧಯಂತ್ರಗಳು ಅಕ್ಷರದ ಬದಲು ಪದಗಳನ್ನಿಟ್ಟುಕೊಂಡು ಮಾಡುವುದೂ ಮೂಲದಲ್ಲಿ ಇದೇ ಕೆಲಸ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇಂದಿನ ಗಣಕಕ್ಕೆ 2 ಲಕ್ಷ 35 ಸಾವಿರ ಪದ ಯಾವ ಲೆಕ್ಕ? ಮೊದಲಿನಿಂದ ಕೊನೆಯವರೆಗೆ ಓದಿಸಿದರೂ ಕಣ್ಣುರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. 1973ರಲ್ಲಿ ಕೆನ್ ಥಾಂಪ್ಸನ್ ಬರೆದ ಗ್ರೆಪ್ ಎಂಬ ಸಣ್ಣ ಉಪಕರಣ ಇವತ್ತಿಗೂ ಈ ಕೆಲಸ ಮಾಡುತ್ತಿದೆ, ಹಾಗಿರುವಾಗ ಗುರುತು, ಅವಿಭಾಜ್ಯ, ಪಟ್ಟಿ ಎಂದೆಲ್ಲ ಒದ್ದಾಡುವುದೇಕೆ? ಒಂದು ಪ್ರಶ್ನೆ, ಒಂದು ಪಟ್ಟಿ ಇದ್ದಾಗ ಈ ಮಾತು ನೂರಕ್ಕೆ ನೂರು ನಿಜ. ಆದರೆ ನಿಘಂಟಿನ ಯಾವ ಪದಗಳು ಒಂದಕ್ಕೊಂದು ಬಂಧುಗಳು ಎಂದು ಕೇಳಿದರೆ ಪ್ರತಿ ಪದವನ್ನೂ ಉಳಿದ ಪ್ರತಿ ಪದದೊಡನೆ ಹೋಲಿಸಬೇಕು. 2 ಲಕ್ಷ 35 ಸಾವಿರ ಪದಕ್ಕೆ ಜೋಡಿಗಳ ಸಂಖ್ಯೆ ಸುಮಾರು 2,760 ಕೋಟಿಯಾಗುತ್ತದೆ. ಗುರುತು ಹಾಕಿದರೆ 2 ಲಕ್ಷ 35 ಸಾವಿರ ಗುರುತು ಸಾಕು. ಮತದಾರರ ಪಟ್ಟಿ, ಆಸ್ತಿ ದಾಖಲೆ, ವಿಳಾಸಗಳ ಸಂಗ್ರಹ ಇವುಗಳಲ್ಲಿ ಒಂದೇ ಹೆಸರು ಎರಡು ಕಡೆ ಎರಡು ಬಗೆಯಾಗಿ ಬಂದಿದೆಯೇ ಎಂದು ನೋಡುವವರ ಕಷ್ಟ ಈ ಎರಡನೆಯ ಜಾತಿಯದು. ವೇಗದ ಯಂತ್ರ ತಪ್ಪು ತೀರ್ಮಾನವನ್ನು ಸರಿಪಡಿಸುವುದೂ ಇಲ್ಲ. ತಪ್ಪು ಉತ್ತರವನ್ನು ಬೇಗ ತಂದುಕೊಡುತ್ತದೆ, ಅಷ್ಟೇ.

ತಪ್ಪು ತೀರ್ಮಾನ ಹೇಗಿರುತ್ತದೆ ಎಂಬುದಕ್ಕೆ ಮತ್ತೆ ಅಲಸೂರಿಗೇ ಬರಬೇಕು. ನೇರಳೆ ಮಾರ್ಗದ ಮೆಟ್ರೊ ನಿಲ್ದಾಣದ ಫಲಕದಲ್ಲಿ ಆ ಊರು ಹಲಸೂರು, ಇಂಗ್ಲಿಷಿನಲ್ಲಿ ಎಚ್‌ನಿಂದ ಶುರುವಾಗುವ ಎಂಟು ಅಕ್ಷರ. ಕೆರೆಯ ಹೆಸರನ್ನು ಬರೆಯುವಾಗ ಹಳೆಯ ಆರು ಅಕ್ಷರದ ಕಾಗುಣಿತ ಇನ್ನೂ ಧಾರಾಳವಾಗಿ ಬಳಕೆಯಲ್ಲಿದೆ. ಈ ಎರಡು ಕಾಗುಣಿತಗಳು ಎಷ್ಟು ಹತ್ತಿರ? ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಪಾಲ್ ಜಕಾರ್ ಆಲ್ಪ್ಸ್ ಬೆಟ್ಟಗಳ ಬೇರೆ ಬೇರೆ ಜಾಗಗಳ ಗಿಡಗಳನ್ನು ಹೋಲಿಸಲು 1901ರಲ್ಲಿ ಒಂದು ಅಳತೆ ಹೇಳಿದ: ಎರಡೂ ಕಡೆ ಇರುವ ಬಗೆಗಳ ಸಂಖ್ಯೆಯನ್ನು ಎರಡರಲ್ಲೂ ಕೂಡಿ ಇರುವ ಒಟ್ಟು ಬಗೆಗಳಿಂದ ಭಾಗಿಸುವುದು. ಅದೇ ಅಳತೆಯನ್ನು ಅಕ್ಷರಗಳಿಗೆ ಹಚ್ಚೋಣ. ಹಲಸೂರಿಗೂ ಹಳೆಯ ಕಾಗುಣಿತಕ್ಕೂ ಸಮಾನವಾದ ಅಕ್ಷರ ನಾಲ್ಕು, ಎಲ್, ಎಸ್, ಯು, ಆರ್. ಎರಡರಲ್ಲೂ ಕೂಡಿ ಇರುವುದು ಏಳು. ಹಳೆಯ ಕಾಗುಣಿತಕ್ಕೂ ಕಲರ್ಸ್‌ಗೂ ಸಮಾನವಾದದ್ದು ಐದು, ಒಟ್ಟು ಆರು. ಅಂದರೆ ಅಕ್ಷರಗಳ ಗುಂಪನ್ನೇ ನಂಬಿದ ಯಂತ್ರಕ್ಕೆ ಅಲಸೂರಿಗೆ ಹಲಸೂರಿಗಿಂತ ಬಣ್ಣಗಳೇ ಹತ್ತಿರದ ನೆಂಟರು. ಲೆಕ್ಕದಲ್ಲಿ ತಪ್ಪಿಲ್ಲ. ಮರೆಯಬೇಕಾದದ್ದನ್ನು ಉಳಿಸಿಕೊಂಡಿದ್ದೇವೆ, ಉಳಿಸಿಕೊಳ್ಳಬೇಕಾದದ್ದನ್ನು ಮರೆತಿದ್ದೇವೆ. ಸ್ಥಳನಾಮದಲ್ಲಿ ವ್ಯಂಜನಗಳ ಅನುಕ್ರಮ ಗಟ್ಟಿ, ಸ್ವರಗಳ ಕಾಗುಣಿತ ಸಡಿಲ. ನಾವು ಗಟ್ಟಿಯಾದದ್ದನ್ನೇ ಕೈಬಿಟ್ಟಿದ್ದೇವೆ.

ಇದರ ತದ್ವಿರುದ್ಧ ತೀರ್ಮಾನ ಮಾಡಿದ ವಿಧಾನವೂ ಇದೆ, ಸೌಂಡೆಕ್ಸ್ ಎಂದು ಅದರ ಹೆಸರು. ರಾಬರ್ಟ್ ರಸೆಲ್ ಮತ್ತು ಮಾರ್ಗರೆಟ್ ಓಡೆಲ್ ಇದನ್ನು ರೂಪಿಸಿ 1918 ಮತ್ತು 1922ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅಲ್ಲಿನ ಜನಗಣತಿಯ ಹಳೆಯ ದಾಖಲೆಗಳಿಗೆ ಸೂಚಿ ಮಾಡಲು 1930ರ ದಶಕದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬಳಕೆಯಾಯಿತು. ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಡುವುದು, ಸ್ವರಗಳನ್ನೂ ಎಚ್, ಡಬ್ಲ್ಯು, ವೈಗಳನ್ನೂ ಬಿಡುವುದು, ಉಳಿದ ವ್ಯಂಜನಗಳಿಗೆ ಉಚ್ಚಾರದ ಹೋಲಿಕೆ ನೋಡಿ 1ರಿಂದ 6ರವರೆಗೆ ಅಂಕೆ ಕೊಡುವುದು, ಮೂರು ಅಂಕೆಗೆ ನಿಲ್ಲಿಸುವುದು. ಬೆಂಗಳೂರಿನ ಹಳೆಯ ಇಂಗ್ಲಿಷ್ ಕಾಗುಣಿತಕ್ಕೂ 2014ರ ನವೆಂಬರ್ 1ರಿಂದ ಜಾರಿಗೆ ಬಂದ ಹೊಸ ಕಾಗುಣಿತಕ್ಕೂ ಈ ವಿಧಾನ ಕೊಡುವುದು ಬಿ-524 ಎಂಬ ಒಂದೇ ಗುರುತು. ರೈಲ್ವೆಯವರು ಕೊನೆಗೆ ಎಂ ಸೇರಿಸಿ ಬರೆಯುವ ಕೃಷ್ಣರಾಜಪುರಂ, ಮೆಟ್ರೊದವರು ಎಂ ಬಿಟ್ಟು ಬರೆಯುವ ಕೃಷ್ಣರಾಜಪುರ ಎರಡಕ್ಕೂ ಕೆ-625. ಇಲ್ಲಿಯವರೆಗೆ ಬಹಳ ಸರಿ. ಅಲಸೂರಿಗೆ ಬಂದಾಗ ಮಾತ್ರ ಹಳೆಯದಕ್ಕೆ ಯು-426, ಹೊಸದಕ್ಕೆ ಎಚ್-426. ಅಂಕೆಗಳು ಪೂರ್ತಿ ಹೊಂದಿವೆ, ಮೊದಲ ಅಕ್ಷರ ಎಡವಿಸಿತು. ಮೇಲಾಗಿ ಹೊಟ್ಟೆಹುಣ್ಣಿಗೆ ಹೇಳುವ ಅಲ್ಸರ್ ಎಂಬ ಇಂಗ್ಲಿಷ್ ಪದದ ಗುರುತೂ ಯು-426. ಒಂದು ಮರೆವು ಅಲಸೂರನ್ನು ಬಣ್ಣಗಳ ಜೊತೆ ಕೂರಿಸಿತ್ತು, ಇನ್ನೊಂದು ಮರೆವು ಕಾಯಿಲೆಯ ಜೊತೆ ಕೂರಿಸಿತು. ಯಾವ ಗುರುತೂ ಕೊನೆಯ ತೀರ್ಪಲ್ಲ. ಅದು ಮೊದಲ ಜರಡಿ ಮಾತ್ರ. ಉದುರಿದ್ದನ್ನು ಇನ್ನೊಮ್ಮೆ ಬೇರೆ ಕಣ್ಣಿನಿಂದ ಆರಿಸಬೇಕು.

ಸ್ವರಗಳನ್ನು ಬಿಟ್ಟು ವ್ಯಂಜನಕ್ಕೆ ಅಂಕೆ ಕೊಡುವ ಈ ಕಲ್ಪನೆ ಅಮೆರಿಕದಲ್ಲಿ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ನಮ್ಮಲ್ಲಿತ್ತು. ಕಟಪಯಾದಿ ಪದ್ಧತಿಯಲ್ಲಿ ಕ, ಟ, ಪ, ಯ ನಾಲ್ಕಕ್ಕೂ ಒಂದು, ಅವುಗಳ ಮುಂದಿನ ಅಕ್ಷರಗಳಿಗೆ ಎರಡು, ಮೂರು ಎಂದು ಎಣಿಕೆ. ವ್ಯಂಜನಕ್ಕೆ ಹತ್ತಿದ ಸ್ವರಕ್ಕೆ ಬೆಲೆಯಿಲ್ಲ. ಕರ್ನಾಟಕ ಸಂಗೀತ ಕಲಿತವರಿಗೆಲ್ಲ ಇದು ಗೊತ್ತು. ಮಾಯಾಮಾಳವಗೌಳದ ಮೊದಲೆರಡು ಅಕ್ಷರ ಮ ಮತ್ತು ಯ, ಅಂದರೆ 5 ಮತ್ತು 1. ಬಲದಿಂದ ಎಡಕ್ಕೆ ಓದಿದರೆ 15, ಅದು ಆ ಮೇಳದ ಸಂಖ್ಯೆ. ಶಂಕರಾಭರಣದ ಹಿಂದೆ ಧೀರ ಎಂಬುದು ಸೇರಿಕೊಂಡದ್ದು 29 ಎಂಬ ಸಂಖ್ಯೆ ಹೊರಡಲಿ ಎಂದೇ. ಉದ್ದೇಶ ಬೇರೆ ಎಂಬುದು ನಿಜ. ಅಲ್ಲಿ ಸಂಖ್ಯೆಯನ್ನು ನೆನಪಿಡಲು ಪದ, ಇಲ್ಲಿ ಪದವನ್ನು ಹುಡುಕಲು ಸಂಖ್ಯೆ. ಆದರೆ ಸ್ವರ ಬದಲಾದರೂ ಗುರುತು ಬದಲಾಗಬಾರದು ಎಂಬ ತೀರ್ಮಾನ ಎರಡರದೂ ಒಂದೇ. ಕುತೂಹಲಕ್ಕೆ ಹಲಸೂರಿಗೆ ಇದನ್ನು ಹಚ್ಚಿ ನೋಡಿದರೆ 8, 3, 7, 2. ಅಲಸೂರಿಗೆ 0, 3, 7, 2, ಏಕೆಂದರೆ ಪದದ ಮೊದಲಲ್ಲಿ ಬರುವ ಬರಿಯ ಸ್ವರಕ್ಕೆ ಸೊನ್ನೆ. ಇಲ್ಲೂ ತಕರಾರು ಮೊದಲ ಅಕ್ಷರದ್ದೇ. ತೊಂದರೆ ಇಂಗ್ಲಿಷ್ ಲಿಪಿಯದಲ್ಲ, ಜನರ ಬಾಯಿಯಲ್ಲಿ ಹಕಾರ ಬಿದ್ದುಹೋಗುವುದರದು ಎಂದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟೆಲ್ಲ ಏಕೆ, ಸರ್ಕಾರವೇ ಒಂದು ಕಾಗುಣಿತವನ್ನು ಗೊತ್ತುಮಾಡಿ ಎಲ್ಲೆಡೆ ಜಾರಿಗೆ ತಂದರೆ ಸಮಸ್ಯೆ ತೀರಿತಲ್ಲ ಎನ್ನುವವರಿದ್ದಾರೆ. 2014ರಲ್ಲಿ ರಾಜ್ಯದ 12 ನಗರಗಳಿಗೆ ಹಾಗೇ ಮಾಡಲಾಯಿತು, ಮತ್ತು ಮಾಡಿದ್ದು ಸರಿ. ಊರಿನವರು ಕರೆಯುವ ಹೆಸರು ಫಲಕದ ಮೇಲೆ ಬರಬೇಕಾದದ್ದೇ. ಆದರೆ ಹೊಸ ಕಾಗುಣಿತ ಹಳೆಯದನ್ನು ಅಳಿಸುವುದಿಲ್ಲ, ಅದರ ಪಕ್ಕಕ್ಕೆ ಇನ್ನೊಂದನ್ನು ಸೇರಿಸುತ್ತದೆ. ಬೆಂಗಳೂರಿನ ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿದ್ದ ಓ ಹೋಯಿತು, ಎ ಎರಡಿದ್ದದ್ದು ಒಂದಾಯಿತು, ಯು ಎರಡು ಬಂದವು. ಹಳೆಯ ಹೆಸರಿನ ಒಂಬತ್ತು ಅಕ್ಷರದಲ್ಲಿ ಕಿತ್ತಳೆಯ ಆರೆಂಜ್ ಅಡಗಿತ್ತು, ಹೊಸದರಲ್ಲಿ ಇಲ್ಲ. ಹೊಸದರಲ್ಲಿ ಹರಳು ಎಂಬರ್ಥದ ಗ್ರ್ಯಾನ್ಯೂಲ್ ಇದೆ, ಹಳೆಯದರಲ್ಲಿ ಇರಲಿಲ್ಲ. ಇದು ಆಟದ ಮಾತಾಯಿತು. ದಾಖಲೆಯ ಮಾತು ಅಷ್ಟು ಹಗುರವಲ್ಲ. ಅಲಸೂರು ಕೆರೆಯ ಪಕ್ಕದಲ್ಲೇ ಇಂದಿಗೂ ನೆಲೆ ಇರುವ ಮದ್ರಾಸ್ ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಮುಳ್ಳುತಂತಿಯ ಬೇಲಿ ಸಿಡಿಸಲು ಕೊಳವೆಯಾಕಾರದ ಸ್ಫೋಟಕವೊಂದನ್ನು ರೂಪಿಸಿದರು. ಅದು ಊರಿನ ಹಳೆಯ ಕಾಗುಣಿತದಲ್ಲೇ ಬ್ಯಾಂಗಲೋರ್ ಟಾರ್ಪೆಡೊ ಎಂದು ಜಗತ್ತಿನ ಸೇನೆಗಳಲ್ಲಿ ಹೆಸರಾಗಿ ಇಂಗ್ಲಿಷ್ ನಿಘಂಟು ಸೇರಿತು. ಯಾವ ಅಧಿಸೂಚನೆಯೂ ಅದನ್ನು ಅಲ್ಲಿಂದ ತೆಗೆಯಲಾರದು. ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಕೈಯಲ್ಲೇ ಇತ್ತು. ಊರಿನ ಪೇಟೆಯ ಭಾಗಕ್ಕೂ ಅದಕ್ಕೂ ಪ್ರತ್ಯೇಕವಾಗಿದ್ದ ಪೌರಾಡಳಿತ 1949ರಲ್ಲಿ ಒಂದಾಯಿತು. ಶಿವಾಜಿನಗರ ಬ್ಲ್ಯಾಕ್‌ಪಲ್ಲಿ ಎಂದು ಕರೆಸಿಕೊಳ್ಳುತ್ತಿದ್ದ ಕಾಲದ ಕಾಗದಪತ್ರಗಳನ್ನು ಹುಡುಕುವವರಿಗೆ ಇಂದಿನ ಸರಿಯಾದ ಕಾಗುಣಿತ ಯಾವ ನೆರವನ್ನೂ ಕೊಡುವುದಿಲ್ಲ. ಅಲ್ಲಿ ಹೆಸರೇ ಬೇರೆಯಾಗಿರುವುದರಿಂದ ಅಕ್ಷರದ ಗುರುತೂ ಸದ್ದಿನ ಗುರುತೂ ಸೋಲುತ್ತವೆ. ಹಳೆ ಹೆಸರು, ಹೊಸ ಹೆಸರು ಜೋಡಿಸಿದ ಪಟ್ಟಿಯನ್ನು ಇತಿಹಾಸ ಬಲ್ಲವರೇ ಕೂತು ಬರೆಯಬೇಕು.

ಇಷ್ಟು ದೂರ ಬಂದ ಮೇಲೆ ಕನ್ನಡದಲ್ಲೇ ಇದನ್ನು ಮಾಡಲು ಹೊರಟರೆ ಏನಾಗುತ್ತದೆ ಎಂದು ಕೇಳದೆ ಬಿಡಲಾಗದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಇಂಗ್ಲಿಷಿನಲ್ಲಿ ಅಕ್ಷರ ಎಂದರೆ ಏನೆಂಬುದರಲ್ಲಿ ಜಗಳವಿಲ್ಲ. ಕನ್ನಡದಲ್ಲಿ ಮೂರು ಉತ್ತರಗಳಿವೆ. ಕಣ್ಣಿಗೆ ಕಾಣುವ ಅಕ್ಷರ ಒಂದು. ಕೃಷ್ಣರಾಜಪುರದಲ್ಲಿ ಅವು ಆರು. ಯೂನಿಕೋಡ್ ಎಂಬ ವಿಶ್ವಸಂಕೇತದ ಪ್ರಕಾರ ಗಣಕ ಒಳಗಿಟ್ಟುಕೊಳ್ಳುವ ಸಂಕೇತಗಳು ಎರಡನೆಯವು. ಅದೇ ಹೆಸರಿಗೆ ಅವು ಹನ್ನೊಂದು, ಏಕೆಂದರೆ ಸ್ವರಚಿಹ್ನೆಗಳಿಗೂ ಒತ್ತಕ್ಷರ ತರುವ ವಿರಾಮಕ್ಕೂ ಬೇರೆ ಬೇರೆ ಸಂಕೇತ. ವ್ಯಾಕರಣಕಾರರ ವರ್ಣ ಮೂರನೆಯದು. ರಾಜ, ಜರಾ, ಜಾರ ಎಂಬ ಮೂರು ಪದ ನೋಡಿ. ಸಂಕೇತಗಳನ್ನು ಎಣಿಸುವ ಯಂತ್ರಕ್ಕೆ ಮೂರೂ ಬಂಧುಗಳು: ರ, ಜ, ಆಕಾರದ ಚಿಹ್ನೆ ಮೂರರಲ್ಲೂ ಇವೆ. ಅಕ್ಷರ ಎಣಿಸುವವರಿಗೆ ರಾಜ ಮತ್ತು ಜರಾ ಮಾತ್ರ ಬಂಧುಗಳು, ಜಾರದಲ್ಲಿರುವ ಜಾ ಬೇರೆ ಅಕ್ಷರ. ಇದಕ್ಕಿಂತ ದೊಡ್ಡ ತೊಡಕು ಅಕಾರದ್ದು. ನಗರ ಎಂಬ ಪದದಲ್ಲಿ ಅಕಾರ ಮೂರು ಸಲ ಕೇಳಿಸುತ್ತದೆ. ಗಣಕದ ಸಂಕೇತಗಳಲ್ಲಿ ಅದು ಒಮ್ಮೆಯೂ ಇಲ್ಲ. ವ್ಯಂಜನದೊಳಗೇ ಅಡಗಿದೆ ಎಂದು ಬಿಟ್ಟಿದ್ದಾರೆ. ಅಕಾರವಿರುವ ಪದಗಳನ್ನು ತೋರಿಸು ಎಂದರೆ ಇಂಗ್ಲಿಷಿಗೆಂದು ಬರೆದ ಸಾಮಾನು ಅಲಸೂರನ್ನು ತೋರಿಸಿ ನಗರವನ್ನು ಬಿಟ್ಟುಬಿಡುತ್ತದೆ. ಕನ್ನಡ ಓದಲು ಕಲಿತ ಮಗುವಿಗೂ ಇದು ತಪ್ಪೆಂದು ಗೊತ್ತು.

ಇಂಗ್ಲಿಷ್ ಉಪಕರಣಗಳನ್ನು ಹಾಗೆಹಾಗೇ ಎತ್ತಿ ಇಡದೆ, ಕನ್ನಡದ ಸದ್ದನ್ನೇ ಆಧಾರವಾಗಿಟ್ಟುಕೊಂಡು ಮಾಡಿದ ಕೆಲಸಕ್ಕೆ ಬೆಂಗಳೂರಿನಲ್ಲೇ ಒಂದು ಒಳ್ಳೆಯ ಮಾದರಿ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದನ್ನು ಅಂತರಜಾಲಕ್ಕೆ ತಂದ ಕೈಲಾಶ್ ನಾಧ್ ಕನ್ನಡ ಪದಗಳಿಗಾಗಿಯೇ ಕೆಎನ್‌ಫೋನ್ ಎಂಬ ಧ್ವನಿಗುರುತಿನ ವಿಧಾನವನ್ನು ಬರೆದರು. ಒಂದು ಪದಕ್ಕೆ ಅದು ಒಂದೇ ಗುರುತು ಕೊಟ್ಟು ಕೂರುವುದಿಲ್ಲ. ಸಡಿಲದಿಂದ ಬಿಗಿಗೆ ಮೂರು ಹಂತದ ಗುರುತು ಕೊಡುತ್ತದೆ. ಏನನ್ನು ಮರೆಯಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎಂದು ಒಪ್ಪಿಕೊಂಡು ಮಾಡಿದ ವಿನ್ಯಾಸ ಅದು.

ದೊಡ್ಡ ಭಾಷಾ ಮಾದರಿಗಳು ಬಂದಿರುವಾಗ ಈ ಕುಸುರಿಯೆಲ್ಲ ಹಳತಾಯಿತು ಎನ್ನುವ ಮಾತೂ ಕೇಳಿಬರುತ್ತದೆ. ಅರ್ಥದ ಸಂಬಂಧಗಳನ್ನು ಹಿಡಿಯುವುದರಲ್ಲಿ ಅವು ಬಹಳ ಮುಂದೆ ಹೋಗಿವೆ, ಹಳೆಯ ಹೆಸರು ಕೊಟ್ಟರೆ ಹೊಸದನ್ನು ಹೇಳಬಲ್ಲವು. ಆದರೆ ಅವು ಬರಹವನ್ನು ಅಕ್ಷರ ಅಕ್ಷರವಾಗಿ ಓದುವುದಿಲ್ಲ. ಹಲವು ಅಕ್ಷರಗಳ ತುಣುಕುಗಳಾಗಿ ಕತ್ತರಿಸಿ, ತುಣುಕಿಗೊಂದು ಸಂಖ್ಯೆ ಕೊಟ್ಟು ನುಂಗುತ್ತವೆ. ಸ್ಟ್ರಾಬೆರಿ ಎಂಬ ಇಂಗ್ಲಿಷ್ ಪದದಲ್ಲಿ ಆರ್ ಎಷ್ಟು ಸಲ ಇದೆ ಎಂಬ ಪ್ರಶ್ನೆಗೆ ಅಂಥ ಮಾದರಿಗಳು ತಪ್ಪು ಉತ್ತರ ಕೊಟ್ಟದ್ದು ಪ್ರಸಿದ್ಧ. ಅಕ್ಷರದ ಪ್ರಶ್ನೆಗೆ ಅಕ್ಷರ ನೋಡುವ ವಿಧಾನವೇ ಬೇಕು, ಕನ್ನಡದಲ್ಲಿ ಅದು ವರ್ಣವನ್ನು ನೋಡಬೇಕು.

ಹಾಗೆ ನೋಡಲು ಹೊರಟಾಗ ಬರುವ ಕೆಲಸಗಳು ಸಣ್ಣವೇ, ಆದರೆ ಒಂದೊಂದಕ್ಕೂ ಬೆಲೆ ಕಟ್ಟಬೇಕು. ಇಂದಿರಾ ಎಂಬುದನ್ನು ಸೊನ್ನೆಯಿಂದ ಬರೆದರೂ ನಕಾರದ ಒತ್ತಿನಿಂದ ಬರೆದರೂ ಒಂದೇ ಎಂದು ಯಂತ್ರಕ್ಕೆ ಹೇಳಿಕೊಡುವುದು ಸುಲಭ, ಅದರಿಂದ ನಷ್ಟವೂ ಇಲ್ಲ. ಪದದ ಮೊದಲಿನ ಹಕಾರ ಇದ್ದರೂ ಬಿದ್ದರೂ ಒಂದೇ ಎಂದು ಹೇಳಿಕೊಟ್ಟರೆ ಅಲಸೂರು ಹಲಸೂರನ್ನು ಸೇರುತ್ತದೆ. ಆದರೆ ಅದೇ ಕಟ್ಟಳೆಯಿಂದ ಹತ್ತು ಮತ್ತು ಅತ್ತು, ಹಾಡು ಮತ್ತು ಆಡು, ಹೊಡೆ ಮತ್ತು ಒಡೆ ಒಂದಾಗಿಬಿಡುತ್ತವೆ. ಊರು, ಬೀದಿ, ಕೆರೆಗಳ ಪಟ್ಟಿಗೆ ಈ ಕಟ್ಟಳೆ ಹಚ್ಚಬಹುದು. ಅಲ್ಲಿ ಹೆಸರುಗಳು ಕಡಿಮೆ, ಬಿಟ್ಟುಹೋಗುವ ನಷ್ಟ ದೊಡ್ಡದು. ನಿಘಂಟಿಗೆ ಹಚ್ಚುವುದಾದರೆ ಬಿಗಿಯಾದ ಗುರುತಿನಿಂದ ಸಿಕ್ಕಿದ್ದನ್ನೆಲ್ಲ ಮೊದಲು ತೋರಿಸಿ, ಹಕಾರವನ್ನು ಮರೆತು ಸಿಕ್ಕಿದ್ದನ್ನು ಅದರ ಕೆಳಗೆ ಇಡಬೇಕು. ಇಲ್ಲವಾದರೆ ಹಾಡನ್ನು ಹುಡುಕಿದವರ ಮುಂದೆ ಆಡು ಬಂದು ನಿಲ್ಲುತ್ತದೆ.